ಅಪ್ಪ ಒಪ್ಪುತ್ತಿಲ್ಲ: ಕರುಳಿನ ತಪಾಸಣೆಗೆ ಗಂಡಸರನ್ನು ಹೊರಡಿಸುವುದು ಹೇಗೆ?

ತುಂಗಾತೀರದವಳು, ಮಾರ್ಚ್ 4

ನನ್ನ ಚಿಕ್ಕಪ್ಪ ಕಳೆದ ದೀಪಾವಳಿಗೆ ಹದಿನೈದು ದಿನ ಮುಂಚೆ ತೀರಿಕೊಂಡರು. 52 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಯಕೃತ್ತಿಗೂ ಹರಡಿತ್ತು. ಅಲ್ಲಿಂದ ಹದಿಮೂರು ತಿಂಗಳು. ಪ್ರತಿ ಸಲ ಕೀಮೋಗೆ ಕರೆದುಕೊಂಡು ಹೋದವರು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಕಾದವರು ನನ್ನ ಅಪ್ಪ.

ಅಪ್ಪನಿಗೆ ಈಗ 58. ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಚಿಕ್ಕಪ್ಪನ ವೈದ್ಯರೇ ಅಪ್ಪನ ಎದುರಿಗೆ ಹೇಳಿದ್ದರು. ಅಪ್ಪ ತಲೆಯಾಡಿಸಿದರು, ಅಷ್ಟೇ. ಈಗ ಮಾತೆತ್ತಿದರೆ "ನನಗೇನಾಗಿದೆ? ಕಲ್ಲು ತಿಂದು ಕರಗಿಸುತ್ತೇನೆ" ಎನ್ನುತ್ತಾರೆ. ಇನ್ನೂ ಒತ್ತಾಯಿಸಿದರೆ ತೋಟಕ್ಕೆ ಹೊರಟುಬಿಡುತ್ತಾರೆ. ಇದೇ ಮನುಷ್ಯ, ಕೊಟ್ಟಿಗೆಯ ಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಪಶುವೈದ್ಯರಿಗೆ ಎರಡು ಸಲ ಫೋನು ಮಾಡುತ್ತಾರೆ.

ಅಮ್ಮ ಅತ್ತು ನೋಡಿದ್ದಾಯಿತು. ನಾನು ಜಗಳವಾಡಿ ನೋಡಿದ್ದಾಯಿತು. ನಿಮ್ಮ ಮನೆಗಳಲ್ಲಿ ಯಾರಾದರೂ ಗಂಡಸರನ್ನು ಒಪ್ಪಿಸಿದ್ದೀರಾ? ಹೇಗೆ?

ನಿವೃತ್ತ ಮೇಷ್ಟರು, ಮಾರ್ಚ್ 4

ನಿಮ್ಮ ತಂದೆಯವರ ಜಾತಿಯವನೇ ನಾನು, ಆದ್ದರಿಂದ ಅಪರಾಧಿಯ ಕಡೆಯಿಂದಲೇ ಸಾಕ್ಷಿ ಹೇಳುತ್ತೇನೆ. ನನಗೆ ಸಾವಿನ ಭಯಕ್ಕಿಂತ ಮೊದಲು ಬಂದದ್ದು ನಾಚಿಕೆ. ಮೂವತ್ತನಾಲ್ಕು ವರ್ಷ ಮಕ್ಕಳ ಮುಂದೆ ನೆಟ್ಟಗೆ ನಿಂತವನು ಯಾರೋ ಮುಂದೆ ಬೆನ್ನು ತಿರುಗಿಸಿ ಮಲಗುವುದೇ? ನಮ್ಮ ಭಾಷೆಯನ್ನೇ ನೋಡಿ. ಹೊರಕಡೆ, ಬಯಲುಕಡೆ, ಕೆರೆಕಡೆ, ಬಹಿರ್ದೆಸೆ, ಎರಡಕ್ಕೆ, ತಂಬಿಗೆ ತೆಗೆದುಕೊಂಡು ಹೋದರು. ಒಂದು ಕ್ರಿಯೆಗೆ ಇಷ್ಟು ಮರೆಮಾತುಗಳಿರುವಾಗ, ಅಲ್ಲಿ ರಕ್ತ ಕಂಡಿತು ಎಂದು ಹೇಳಲು ಗಂಡಸು ಬಾಯಿ ತೆರೆಯುವುದಾದರೂ ಹೇಗೆ?

ನಾನು 62ರಲ್ಲಿ ಕೊಲೊನೋಸ್ಕೋಪಿ, ಅಂದರೆ ಹಿಂದಿನಿಂದ ಕ್ಯಾಮೆರಾ ಕೊಳವೆ ಹಾಯಿಸಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಕೊಂಡೆ. ಹೇಗೆ ಒಪ್ಪಿದೆ ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ. ಅದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ.

ಲೆಸ್ಟರ್ ಕನ್ನಡಿಗ, ಮಾರ್ಚ್ 5

ಇಲ್ಲಿ ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯವರು 50ರಿಂದ 74 ವರ್ಷದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಮನೆಗೇ ಕಿಟ್ ಕಳುಹಿಸುತ್ತಾರೆ. ಬೆರಳುದ್ದದ ಒಂದು ಪ್ಲಾಸ್ಟಿಕ್ ಸೀಸೆ, ಅದರ ಮುಚ್ಚಳಕ್ಕೇ ಅಂಟಿಕೊಂಡ ಕಡ್ಡಿ. ಮಲವನ್ನು ಕಡ್ಡಿಯಿಂದ ಗೀರಿ, ಸೀಸೆಗೆ ತಿರುಗಿಸಿ ಮುಚ್ಚಿ, ಅವರೇ ಕೊಟ್ಟ ಲಕೋಟೆಗೆ ಹಾಕಿ ಅಂಚೆ ಡಬ್ಬಿಗೆ ಬಿಟ್ಟರೆ ಆಯಿತು. ಸ್ಟಾಂಪಿನ ಖರ್ಚೂ ಇಲ್ಲ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಪತ್ತೆಯಾಗುತ್ತದೆ. ಇದಕ್ಕೆ ಫಿಟ್ ಎನ್ನುತ್ತಾರೆ.

ಇಷ್ಟು ಸುಲಭವಿದ್ದರೂ ನನ್ನ ಮೊದಲ ಕಿಟ್ ಮೂರು ತಿಂಗಳು ಫ್ರಿಜ್ಜಿನ ಮೇಲೆ ಕರೆಂಟ್ ಬಿಲ್ಲಿನ ಕೆಳಗೆ ಬಿದ್ದಿತ್ತು. ನಮ್ಮಂಥ ದಕ್ಷಿಣ ಏಷ್ಯಾ ಮೂಲದವರು ಇದನ್ನು ಹಿಂದಿರುಗಿಸುವ ಪ್ರಮಾಣ ಕಡಿಮೆ ಎಂದು ಇಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅದರಲ್ಲಿ ನನ್ನ ಪಾಲೂ ಉಂಟು. ಕೊನೆಗೆ ನನ್ನ ಹೆಂಡತಿ ಏನೂ ಮಾತಾಡದೆ ಕಿಟ್ಟನ್ನು ತಂದು ಶೌಚಾಲಯದ ಫ್ಲಶ್ ತೊಟ್ಟಿಯ ಮೇಲೆ ಇಟ್ಟಳು, ಪಕ್ಕದಲ್ಲಿ ಒಂದು ಪೆನ್ನು. ಮರುದಿನ ಕಳುಹಿಸಿದೆ. ಜಾಗ ಬದಲಾಯಿಸಿದ್ದಷ್ಟೇ, ಉಪದೇಶವಿಲ್ಲ.

ಲೆಕ್ಕಾಚಾರ, ಮಾರ್ಚ್ 5

ಇಂಗ್ಲೆಂಡಿನ ಕಥೆ ಇಂಗ್ಲೆಂಡಿಗೆ. ಈ ಕಾಯಿಲೆ ನಮ್ಮಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಹಲವು ಪಟ್ಟು ಕಡಿಮೆ. ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದ್ದು ಇಲ್ಲ. ಸುಮ್ಮನೆ ಬಿಟ್ಟಿದ್ದಾರೆಯೇ? ಆಸ್ಪತ್ರೆಗಳಿಗೆ ಯಂತ್ರದ ಕಂತು ಕಟ್ಟಬೇಕು, ಅದಕ್ಕೆ ನಾವು ಹೆದರಬೇಕು. ನಾನು ಸಸ್ಯಾಹಾರಿ, ಕುಡಿಯುವುದಿಲ್ಲ, ಸೇದುವುದಿಲ್ಲ. ವಯಸ್ಸು 47. ನನಗೇಕೆ ಇದು?

ಹೊಸ ಸದಸ್ಯ, ಮಾರ್ಚ್ 5

ನನಗೂ ಆರು ತಿಂಗಳಿಂದ ಆಗಾಗ ರಕ್ತ ಬೀಳುತ್ತದೆ. ಉಷ್ಣ ಇರಬೇಕು. ವಯಸ್ಸು 44.

ಅಡಿಕೆ ತೋಟ, ಮಾರ್ಚ್ 5

ಹೊಸ ಸದಸ್ಯರೇ, ಉಷ್ಣ ಎಂದಿರಲ್ಲ, ಆ ಪದವನ್ನು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನನಗೂ ಉಷ್ಣವೇ ಆಗಿತ್ತು. ಮೆಂತ್ಯ ನೆನೆಸಿ ಕುಡಿದೆ, ಮಜ್ಜಿಗೆ ಕುಡಿದೆ. ಆಮೇಲೆ ಯಾರೋ ಮೂಲವ್ಯಾಧಿ ಎಂದರು. ಸುವರ್ಣಗಡ್ಡೆ ತಿಂದೆ, ಮುಟ್ಟಿದರೆ ಮುನಿಯ ಬೇರು ಅರೆದು ಹಾಲಿನಲ್ಲಿ ಕುಡಿದೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಆಪರೇಷನ್ ಇಲ್ಲದೆ ಗುಣ ಎಂದು ಬರೆದಿದ್ದವನ ಹತ್ತಿರ ಹೋದೆ. ಅವನು ನೋಡದೆಯೇ ಪುಡಿ ಕೊಟ್ಟ. ಆಮೇಲೆ ಪದವಿ ಇರುವ ಇಬ್ಬರು ವೈದ್ಯರ ಬಳಿಗೂ ಹೋದೆ. ಅವರು ಮುಲಾಮು ಬರೆದುಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಒಬ್ಬನೇ ಒಬ್ಬ ಕೈಗವಸು ಹಾಕಿಕೊಂಡು ಬೆರಳಿಟ್ಟು ನೋಡಲಿಲ್ಲ. ನಾನೂ ನೋಡಿ ಎನ್ನಲಿಲ್ಲ, ನೋಡದಿದ್ದರೆ ಸಾಕಪ್ಪ ಎಂದೇ ಇದ್ದೆ. ಅಷ್ಟರಲ್ಲಿ ಮಲ ಪೆನ್ಸಿಲಿನಷ್ಟು ಸಣ್ಣಗಾಗಿತ್ತು. ಹೋಗಿ ಬಂದರೂ ಹೋಗಿಲ್ಲ ಎಂಬಂತೆ ಅನ್ನಿಸುತ್ತಿತ್ತು. ಕೊನೆಗೆ ನೋಡಿದವರು ಒಬ್ಬರು ಶಸ್ತ್ರವೈದ್ಯೆ. ಬೆರಳಿಟ್ಟು ಅರ್ಧ ನಿಮಿಷದಲ್ಲಿ ಅವರ ಮುಖ ಬದಲಾಯಿತು. ಗಡ್ಡೆ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು.

ಆಗ ನನಗೆ 49. ವಿಕಿರಣ, ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ. ಗುದದ್ವಾರವನ್ನೇ ತೆಗೆದು ಹೊಟ್ಟೆಯ ಎಡಭಾಗದಲ್ಲಿ ಕರುಳಿನ ಬಾಯಿ ಮಾಡಿದ್ದಾರೆ. ಅದಕ್ಕೊಂದು ಚೀಲ ಅಂಟಿಸಿಕೊಳ್ಳುತ್ತೇನೆ. ಏಳು ವರ್ಷವಾಯಿತು. ಪಂಚೆಯನ್ನು ಸೊಂಟದಲ್ಲಿ ಕಟ್ಟಿದರೆ ಗಂಟು ಸರಿಯಾಗಿ ಚೀಲದ ಮೇಲೆ ಬರುತ್ತದೆ, ಆದ್ದರಿಂದ ನಾಲ್ಕು ಬೆರಳು ಮೇಲಕ್ಕೆ ಏರಿಸಿ ಬಲಕ್ಕೆ ಗಂಟು ಹಾಕುತ್ತೇನೆ. ಊರಿನವರು ಮೊದಮೊದಲು ನಕ್ಕರು. ಅಡಿಕೆ ಕೊಯ್ಲಿಗೆ ನಿಲ್ಲುತ್ತೇನೆ, ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇನೆ. ಬದುಕು ನಿಂತಿಲ್ಲ. ಆದರೆ ಆ ಹದಿನಾಲ್ಕು ತಿಂಗಳನ್ನು ಯಾರು ಹಿಂದಕ್ಕೆ ಕೊಡುತ್ತಾರೆ?

ಹೊಸ ಸದಸ್ಯರೇ, ನಾಳೆಯೇ ಹೋಗಿ. ಹೋದಾಗ "ಡಾಕ್ಟರೇ, ಬೆರಳಿಟ್ಟು ನೋಡಿ" ಎಂದು ನೀವೇ ಬಾಯಿಬಿಟ್ಟು ಹೇಳಿ. ನೋಡದೆ ಔಷಧಿ ಬರೆಯುವವರಾದರೆ ಎದ್ದು ಬನ್ನಿ.

ಧಾರವಾಡದ ಡಾಕ್ಟರು, ಮಾರ್ಚ್ 6

ಅಡಿಕೆ ತೋಟದವರು ನಮ್ಮ ವೃತ್ತಿಯ ಮೇಲೆ ಹೊರಿಸಿದ ಆರೋಪವನ್ನು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಹೊರಗೆ ಐವತ್ತು ಜನ ಕಾಯುತ್ತಿದ್ದಾರೆ ಎಂಬ ನೆಪ ನಮಗೂ ಸದಾ ಸಿಗುತ್ತದೆ.

ಮೊದಲು ಹೊಸ ಸದಸ್ಯರಿಗೆ. ರಕ್ತ ಕಂಡ ಮೇಲೆ ಅದು ತಪಾಸಣೆಯ ಮಾತಲ್ಲ, ಚಿಕಿತ್ಸೆಯ ಮಾತು. ತೊಂದರೆಯೇ ಇಲ್ಲದವರು ಮಾಡಿಸಿಕೊಳ್ಳುವುದು ತಪಾಸಣೆ. ನಿಮ್ಮದು ಮೂಲವ್ಯಾಧಿಯೇ ಇರಬಹುದು, ಆಮಶಂಕೆ ಇರಬಹುದು, ಹೆಚ್ಚಿನವರಲ್ಲಿ ಅಂಥದ್ದೇ ಇರುತ್ತದೆ. ಆದರೆ ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೇನಿಲ್ಲ. ಎರಡೂ ಒಟ್ಟಿಗೆ ಇದ್ದ ರೋಗಿಗಳನ್ನು ನಾನು ನೋಡಿದ್ದೇನೆ. ನೋಡಿಯೇ ತಿಳಿಯಬೇಕು.

ತುಂಗಾತೀರದವರೇ, ನಿಮ್ಮ ತಂದೆಯವರ ಲೆಕ್ಕ ಬೇರೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ 40ನೇ ವಯಸ್ಸಿನಲ್ಲಿ, ಇಲ್ಲವೇ ಆ ಬಂಧುವಿಗೆ ರೋಗ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು ಎಂಬುದು ಹಲವು ಮಾರ್ಗಸೂಚಿಗಳ ಮಾತು. ತಮ್ಮನಿಗೆ 51ರಲ್ಲಿ ತಿಳಿಯಿತು ಎಂದಿಟ್ಟುಕೊಂಡರೆ ಅಣ್ಣನಿಗೆ ಈಗಾಗಲೇ ತಡವಾಗಿದೆ. ಇನ್ನೊಂದು ವಿಷಯ: ತಂದೆಯವರ ಕರುಳಿನಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ನಿಮಗೆ ಯಾವಾಗ ಬೇಕು ಎಂಬುದೂ ನಿಂತಿದೆ. ಅವರು ನೋಡಿಸಿಕೊಳ್ಳದಿದ್ದರೆ ನಿಮ್ಮ ಲೆಕ್ಕವೂ ಬಾಕಿ ಉಳಿಯುತ್ತದೆ.

ಲೆಕ್ಕಾಚಾರದವರ ಪ್ರಶ್ನೆ ಗೇಲಿ ಮಾಡುವಂಥದ್ದಲ್ಲ. ಪೋಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ ಸುಮಾರು 85,000 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕೊಲೊನೋಸ್ಕೋಪಿಗೆ ಆಹ್ವಾನ ಪಡೆದವರಲ್ಲಿ ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರ್ ಬರುವ ಅಪಾಯ ಶೇ. 18ರಷ್ಟು ಕಡಿಮೆಯಿತ್ತು. ಸಾವುಗಳಲ್ಲಿ ಅಷ್ಟು ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ಕೊಲೊನೋಸ್ಕೋಪಿ ದಂಡ ಎಂದವರೂ ಇದ್ದಾರೆ. ಆದರೆ ಆಹ್ವಾನ ಬಂದವರಲ್ಲಿ ಪರೀಕ್ಷೆಗೆ ಹೋದವರು ಶೇ. 42 ಮಾತ್ರ. ಕರೆಯೋಲೆ ಬಂದರೂ ಊಟಕ್ಕೆ ಹೋಗದವನ ಹೊಟ್ಟೆ ತುಂಬುವುದಿಲ್ಲವಲ್ಲ.

ಲೆಕ್ಕಾಚಾರ, ಮಾರ್ಚ್ 6

ಉತ್ತರಕ್ಕೆ ಧನ್ಯವಾದ. ಸಸ್ಯಾಹಾರದ ಬಗ್ಗೆ ಏನೂ ಹೇಳಲಿಲ್ಲ. ನಮ್ಮ ಆಫೀಸಿನ ಆರೋಗ್ಯ ಪ್ಯಾಕೇಜಿನಲ್ಲಿ ಸಿಇಎ ಎಂಬ ರಕ್ತ ಪರೀಕ್ಷೆ ಇತ್ತು, ಸರಿಯಾಗಿಯೇ ಬಂದಿದೆ. ಅದು ಸಾಲದೇ?

ಧಾರವಾಡದ ಡಾಕ್ಟರು, ಮಾರ್ಚ್ 6

ಸಾಲದು. ಸಿಇಎ ತಪಾಸಣೆಯ ಪರೀಕ್ಷೆಯೇ ಅಲ್ಲ. ರೋಗ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ನಡೆದಿದೆ, ಮರುಕಳಿಸಿದೆಯೇ ಎಂದು ನೋಡಲು ಅದು ಬೇಕು. ಆರಂಭದ ಗಡ್ಡೆ ಇದ್ದರೂ ಸಿಇಎ ಸರಿಯಾಗಿಯೇ ಬರಬಹುದು. ಬೀಡಿ ಸೇದುವವರಲ್ಲಿ ಗಡ್ಡೆ ಇಲ್ಲದೆಯೂ ಏರಬಹುದು. ಪ್ಯಾಕೇಜಿನ ಪಟ್ಟಿ ಉದ್ದವಾಗಲಿ ಎಂದು ಸೇರಿಸುತ್ತಾರೆ. ಆಸ್ಪತ್ರೆಗಳ ಮೇಲಿನ ನಿಮ್ಮ ಸಿಟ್ಟನ್ನು ನಿಜವಾಗಿ ಇಲ್ಲಿ ತೋರಿಸಬೇಕಿತ್ತು.

ಆಹಾರದ ವಿಚಾರ: ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು, ನಾರಿನಂಶ ಒಳ್ಳೆಯದು, ಇವೆಲ್ಲ ನಿಜ. ಅವು ಅಪಾಯವನ್ನು ತಗ್ಗಿಸುತ್ತವೆ, ಬಾಗಿಲು ಹಾಕುವುದಿಲ್ಲ. ದಿನವಿಡೀ ಕುರ್ಚಿ, ಹೊಟ್ಟೆಯ ಬೊಜ್ಜು, ಮಧುಮೇಹ, ಬಿಳಿ ಅನ್ನದ ರಾಶಿಯ ಪಕ್ಕ ಚಮಚೆಯಷ್ಟು ಪಲ್ಯ: ಇದೂ ಸಸ್ಯಾಹಾರವೇ.

ಕುಟುಂಬದಲ್ಲಿ ಯಾರಿಗೂ ಇಲ್ಲದ, ತೊಂದರೆಯಿಲ್ಲದ 47ರ ನಿಮ್ಮಂಥವರಿಗೆ ನಾನು ಕೊಲೊನೋಸ್ಕೋಪಿಯನ್ನೇ ಮಾಡಿಸಿ ಎಂದು ಬಲವಂತ ಮಾಡುವುದಿಲ್ಲ. ನಮ್ಮಲ್ಲಿ ರಾಷ್ಟ್ರೀಯ ಕಾರ್ಯಕ್ರಮವಿಲ್ಲ, ಆದ್ದರಿಂದ ಇದು ನೀವೂ ನಿಮ್ಮ ವೈದ್ಯರೂ ಕುಳಿತು ತೀರ್ಮಾನಿಸುವ ಮಾತು. ವರ್ಷಕ್ಕೊಮ್ಮೆ ಮಲದ ಫಿಟ್ ಪರೀಕ್ಷೆ ಒಂದು ಒಳ್ಳೆಯ ದಾರಿ. ಲ್ಯಾಬಿನಲ್ಲಿ ಗುಪ್ತರಕ್ತದ ಪರೀಕ್ಷೆ ಎಂದಷ್ಟೇ ಕೇಳಿದರೆ ಹಳೆಯ ವಿಧಾನದ್ದನ್ನೂ ಮಾಡಿಯಾರು. ಅದರಲ್ಲಿ ತಿಂದ ಮಾಂಸದ ರಕ್ತವೂ ಎಣಿಕೆಗೆ ಬರುತ್ತದೆ. ಫಿಟ್ ಬೇಕು ಎಂದು ಹೆಸರು ಹಿಡಿದು ಕೇಳಿ. ರಕ್ತವಿದೆ ಎಂದು ಬಂದರೆ ಹೆದರಬೇಡಿ, ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಅಲ್ಲಿಗೇ ಬಿಡುವಂತಿಲ್ಲ, ಕೊಲೊನೋಸ್ಕೋಪಿ ಆಗಲೇಬೇಕು.

ಕೊನೆಯದಾಗಿ, ನಡುವಯಸ್ಸಿನ ಗಂಡಸಿನ ಹಿಮೋಗ್ಲೋಬಿನ್ ಇಳಿದಿದ್ದರೆ ಕಬ್ಬಿಣದ ಮಾತ್ರೆ ನುಂಗಿಸಿ ಕಳುಹಿಸಬಾರದು. ಹೆಂಗಸರಿಗಾದರೆ ಮುಟ್ಟಿನ ಕಾರಣವಿರಬಹುದು. ಗಂಡಸಿನ ರಕ್ತ ಎಲ್ಲಿಗೆ ಹೋಯಿತು? ತೊಟ್ಟಿಯ ನೀರು ಇಳಿಯುತ್ತಿದ್ದರೆ ಇನ್ನಷ್ಟು ಸುರಿಯುವ ಮೊದಲು ಬಿರುಕು ಎಲ್ಲಿದೆ ಎಂದು ಹುಡುಕುತ್ತೇವೆ. ಕರುಳಿನ ಬಲಭಾಗದ ಗಡ್ಡೆಗಳು ಕಣ್ಣಿಗೆ ಕಾಣುವಂತೆ ರಕ್ತ ಬೀಳಿಸದೆ ಹೀಗೆಯೇ ತಿಂಗಳುಗಟ್ಟಲೆ ಜಿನುಗುತ್ತವೆ.

ಟೆಕ್ಸಾಸಿನ ಮೈಸೂರಿಗ, ಮಾರ್ಚ್ 7

ಅಮೆರಿಕದಲ್ಲಿ 2021ರಲ್ಲಿ ತಪಾಸಣೆ ಶುರುವಾಗುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು, ಚಿಕ್ಕ ವಯಸ್ಸಿನವರಲ್ಲಿ ಹೆಚ್ಚುತ್ತಿದೆ ಎಂಬ ಕಾರಣಕ್ಕೆ. ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ತೀರಿಕೊಂಡಾಗ 43 ವರ್ಷ, ಅದಕ್ಕೆ ನಾಲ್ಕು ವರ್ಷ ಮೊದಲೇ ರೋಗ ಗೊತ್ತಾಗಿತ್ತು, ಹೊರಗೆ ಯಾರಿಗೂ ಹೇಳಿರಲಿಲ್ಲ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಗಂಡಸರು ಈ ವಿಷಯ ಮಾತಾಡಿದ್ದನ್ನು ಆ ವಾರ ಮೊದಲ ಬಾರಿ ಕೇಳಿದೆ. ಇದಕ್ಕೆ ಬಹಳ ಹಿಂದೆ, 2000ದಲ್ಲಿ, ಟಿವಿ ನಿರೂಪಕಿ ಕೇಟಿ ಕೌರಿಕ್ ತಮ್ಮ ಕೊಲೊನೋಸ್ಕೋಪಿಯನ್ನೇ ಟಿವಿಯಲ್ಲಿ ತೋರಿಸಿದ್ದರು. ಅವರ ಗಂಡ 1998ರಲ್ಲಿ ಇದೇ ಕಾಯಿಲೆಯಿಂದ 42ಕ್ಕೇ ಹೋಗಿದ್ದರು. ಆ ಕಾರ್ಯಕ್ರಮದ ನಂತರ ಪರೀಕ್ಷೆಗಳ ಸಂಖ್ಯೆ ಏರಿದ್ದನ್ನು ಸಂಶೋಧಕರು ಗುರುತಿಸಿದ್ದಾರೆ.

ನಮ್ಮಲ್ಲಿ ಯಾವ ನಟ ಇದನ್ನು ಮಾಡಿಯಾನು?

ಅಡಿಕೆ ತೋಟ, ಮಾರ್ಚ್ 7

ನಟ ಬೇಡ. ಪಕ್ಕದ ಮನೆಯವನು ಹೇಳಿದ್ದರೆ ನನಗೆ ಸಾಕಿತ್ತು. ನಾನು ಈ ಚೀಲದ ಬಗ್ಗೆ ಬಾಯಿಬಿಟ್ಟ ಮೇಲೆ ನಮ್ಮ ಊರಿನ ಇಬ್ಬರು ಹಿಂದಿನ ಬಾಗಿಲಿನಿಂದ ಬಂದು, ತಮಗೂ ಮೂರು ವರ್ಷದಿಂದ ರಕ್ತ ಬೀಳುತ್ತಿದೆ ಎಂದು ಪಿಸುಗುಟ್ಟಿದರು. ಇಬ್ಬರದ್ದೂ ಮೂಲವ್ಯಾಧಿಯೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು.

ನಿವೃತ್ತ ಮೇಷ್ಟರು, ಮಾರ್ಚ್ 8

ಹೇಳುತ್ತೇನೆ ಎಂದಿದ್ದೆ. ನನ್ನ ಮಗ ನನಗೆ ತಿಳಿಸದೆಯೇ ದಿನ ಗೊತ್ತುಮಾಡಿ, ಮುಂಗಡ ಕಟ್ಟಿ, "ದುಡ್ಡು ವಾಪಸ್ ಬರುವುದಿಲ್ಲ" ಎಂದ. ನಾನು ಹೋದದ್ದು ಆ ದುಡ್ಡಿಗಾಗಿ. ಹೆಮ್ಮೆ ಪಡುವಂಥದ್ದಲ್ಲ ಎಂದದ್ದು ಇದಕ್ಕೇ.

ಜನ ಹೆದರುವುದು ಕೊಳವೆಗೆ. ಹೆದರಬೇಕಾದದ್ದು ಹಿಂದಿನ ರಾತ್ರಿಗೆ, ಅದೂ ಹೆದರಿಕೆಯಲ್ಲ, ಒಂದು ಪ್ರಹಸನ. ಮೂರು ದಿನ ಮೊದಲೇ ರಾಗಿ, ಸೊಪ್ಪು, ಬೀಜವಿರುವ ಹಣ್ಣು ತರಕಾರಿಗಳು ಬಂದ್. ರಾಗಿಮುದ್ದೆ ಇಲ್ಲದ ಮೂರು ದಿನ ನನ್ನ ಆಯಸ್ಸಿನಲ್ಲಿ ಅದೇ ಮೊದಲು. ಹಿಂದಿನ ದಿನ ಬರೀ ತಿಳಿನೀರು: ಸೋಸಿದ ಗಂಜಿನೀರು, ಎಳನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಚಹಾ. ಸಂಜೆ ಆರಕ್ಕೆ ಎರಡು ಲೀಟರ್ ನೀರಿಗೆ ಪುಡಿ ಕಲಸಿದೆ. ರುಚಿ ಹೇಗೆಂದರೆ, ಸಮುದ್ರಕ್ಕೆ ಯಾರೋ ನಿಂಬೆಹುಳಿ ಹಿಂಡಿದ ಹಾಗೆ. ಕಾಲು ಗಂಟೆಗೊಂದು ಲೋಟ. ಮೂರು ಲೋಟದವರೆಗೆ ಏನೂ ಆಗಲಿಲ್ಲ, ನನ್ನ ಹೊಟ್ಟೆ ಗಟ್ಟಿ ಎಂದು ಹೆಂಡತಿಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಓಡಿದೆ.

ಆಮೇಲೆ ಓಡಿದ್ದನ್ನು ಎಣಿಸಲಿಲ್ಲ. ಬಚ್ಚಲಿನ ಬಾಗಿಲ ಬಳಿ ಒಂದು ಸ್ಟೂಲು, ಸ್ಟೂಲಿನ ಮೇಲೆ ರೇಡಿಯೋ, ಪಕ್ಕದಲ್ಲಿ ತೆಂಗಿನೆಣ್ಣೆಯ ಬಟ್ಟಲು. ಎಣ್ಣೆ ಏಕೆಂದು ಐದನೇ ಸಲಕ್ಕೆ ತಿಳಿಯುತ್ತದೆ. ಬೆಳಗಿನ ಜಾವ ಉಳಿದರ್ಧ ಕುಡಿದೆ. ಕೊನೆಗೆ ಬರುತ್ತಿದ್ದದ್ದು ತೆಳುಹಳದಿ ನೀರು. ಅಲ್ಲಿಯವರೆಗೂ ಆಗಬೇಕು, ಇಲ್ಲದಿದ್ದರೆ ಒಳಗೆ ಏನೂ ಕಾಣದೆ ಮತ್ತೊಂದು ದಿನ ಇದೇ ಪ್ರಹಸನ.

ಪರೀಕ್ಷೆಯೇ? ಕೈಗೆ ಸೂಜಿ ಹಾಕಿದರು, ನರ್ಸ್ ನನ್ನ ಊರು ಕೇಳಿದರು, ಊರಿನ ಹೆಸರಿನ ಎರಡನೇ ಅಕ್ಷರದಲ್ಲಿ ನಿದ್ದೆ ಬಂತು. ಎದ್ದಾಗ ಎಲ್ಲ ಮುಗಿದಿತ್ತು. ಒಂದು ಚಿಕ್ಕ ಪಾಲಿಪ್ ಕಿತ್ತಿದ್ದರು. ಕರುಳಿನ ಒಳಗೋಡೆಯಲ್ಲಿ ಬೆಳೆಯುವ, ಅಣಬೆಯಂಥ ಪುಟ್ಟ ಗಂಟು. ಅದರಲ್ಲಿ ಕೆಲವು ಜಾತಿಯವು ಹತ್ತಾರು ವರ್ಷದಲ್ಲಿ ಕ್ಯಾನ್ಸರ್ ಆಗುತ್ತವಂತೆ. ಕಳೆಯನ್ನು ಎರಡೆಲೆ ಇರುವಾಗಲೇ ಕಿತ್ತ ಹಾಗೆ.

ಎಂಡೋಸ್ಕೋಪಿ ಸಿಸ್ಟರ್, ಮಾರ್ಚ್ 9

ಮೇಷ್ಟರು ಬರೆದದ್ದನ್ನು ಓದಿ ಡ್ಯೂಟಿ ಕೊಠಡಿಯಲ್ಲಿ ನಾವೆಲ್ಲ ನಕ್ಕೆವು. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ.

ಗಂಡಸರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ನೋವಿನದ್ದಲ್ಲ, "ಒಳಗೆ ಹೆಂಗಸರು ಇರುತ್ತಾರೆಯೇ?" ಎಂಬುದು. ಇರುತ್ತೇವೆ. ನಾವು ಕೊಡುವ ನೀಲಿ ಚಡ್ಡಿಗೆ ಹಿಂದೆ ಮಾತ್ರ ಒಂದು ಸೀಳು ಇರುತ್ತದೆ, ಉಳಿದದ್ದೆಲ್ಲ ಮುಚ್ಚಿರುತ್ತದೆ, ಮೇಲೊಂದು ಹೊದಿಕೆ. ಎಡಮಗ್ಗುಲಾಗಿ ಮೊಣಕಾಲು ಮಡಚಿ ಮಲಗಬೇಕು. ನಮ್ಮೆಲ್ಲರ ಕಣ್ಣು ಟಿವಿ ಪರದೆಯ ಮೇಲೆ. ನಿಮ್ಮ ಮುಖ ನಮಗೆ ನೆನಪಿರುವುದಿಲ್ಲ, ಕರುಳು ನೆನಪಿರುತ್ತದೆ! ಮುಗಿದ ಮೇಲೆ ಹೊಟ್ಟೆಯಲ್ಲಿ ತುಂಬಿದ ಗಾಳಿ ಹೋಗಬೇಕು. ಹೆಂಗಸರು ಬಿಟ್ಟು ಎದ್ದು ಹೋಗುತ್ತಾರೆ. ಗಂಡಸರು ಹಲ್ಲು ಕಚ್ಚಿಕೊಂಡು ಹೊಟ್ಟೆನೋವು ಎನ್ನುತ್ತಾರೆ. ದಯವಿಟ್ಟು ಬಿಡಿ.

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಹೇಳಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತೇವೆ. ಕರುಳಿಗೆ ತೂತು ಬೀಳುವ ಅಪಾಯ ಇಲ್ಲವೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸಾವಿರಕ್ಕೆ ಒಂದರಷ್ಟೋ ಅದಕ್ಕಿಂತ ಕಡಿಮೆಯೋ ಇದೆ, ಸಹಿ ಹಾಕಿಸಿಕೊಳ್ಳುವ ಮೊದಲು ಅದನ್ನು ಹೇಳಿಯೇ ಹೇಳುತ್ತಾರೆ.

ತುಂಗಾತೀರದವರೇ, ನಿಮಗೆ ಒಂದು ಉಪಾಯ. ನಿದ್ದೆಮದ್ದು ಕೊಡುವುದರಿಂದ ರೋಗಿಯನ್ನು ಒಬ್ಬರನ್ನೇ ಮನೆಗೆ ಕಳುಹಿಸುವುದಿಲ್ಲ, ಜೊತೆಗೆ ಒಬ್ಬರು ಬೇಕು. ರೋಗಿಯಾಗಿ ಬರಲು ಸಾಯುವ ಗಂಡಸರು ಇನ್ನೊಬ್ಬರ ಜೊತೆಗಾರರಾಗಿ ಮೀಸೆ ತಿರುವುತ್ತ ಬರುತ್ತಾರೆ, ಹನ್ನೊಂದು ವರ್ಷದಿಂದ ನೋಡಿದ್ದೇನೆ. ನಿಮ್ಮ ತಂದೆಗೆ ಅಂಥ ಗೆಳೆಯರು ಯಾರೂ ಇಲ್ಲವೇ?

ತುಂಗಾತೀರದವಳು, ಮಾರ್ಚ್ 9

ಇದ್ದಾರೆ. ದಿನಾ ಬೆಳಿಗ್ಗೆ ಅಪ್ಪನ ಜೊತೆ ಹೊಳೆಯ ದಾರಿಯಲ್ಲಿ ನಡೆಯುವವರು, 61 ವರ್ಷ. ಇವರಿಬ್ಬರೂ ರಾಜಕೀಯ, ಅಡಿಕೆ ರೇಟು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೂ ಅವರ ಹೆಂಡತಿಯನ್ನು ಕೇಳಿ ನೋಡುತ್ತೇನೆ.

ಅಡಿಕೆ ತೋಟ, ಮಾರ್ಚ್ 16

ಹೊಸ ಸದಸ್ಯರೇ, ಹೋದಿರಾ?

ಲೆಸ್ಟರ್ ಕನ್ನಡಿಗ, ಮಾರ್ಚ್ 22

ಹೊಸ ಸದಸ್ಯರು ಓದುತ್ತಿದ್ದರೆ ಒಂದು ಮಾತು ಬರೆಯಿರಿ.

ತುಂಗಾತೀರದವಳು, ಏಪ್ರಿಲ್ 2

ಅರ್ಧ ಗೆದ್ದಿದ್ದೇನೆ. ಅಪ್ಪನ ಗೆಳೆಯರು ಫಿಟ್ ಮಾಡಿಸಿಕೊಂಡರು. ಅವರದು ನೆಲದ ಮೇಲಿನ ಹಳೆಯ ಬಗೆಯ ಶೌಚಾಲಯ. ನೀರಿಗೆ ಬೀಳುವ ಮೊದಲೇ ಮಾದರಿ ಹಿಡಿಯಬೇಕಲ್ಲ, ಹೇಗೆಂದು ಯಾರನ್ನೂ ಕೇಳಲಾರದೆ ಎರಡು ದಿನ ಒದ್ದಾಡಿದರಂತೆ. ಕೊನೆಗೆ ಅವರ ಹೆಂಡತಿ ಹಾಲಿನ ಪ್ಯಾಕೆಟ್ ತೊಳೆದು, ಕತ್ತರಿಸಿ ಹಾಸಿಕೊಟ್ಟರು. ಫಲಿತಾಂಶದಲ್ಲಿ ರಕ್ತದ ಅಂಶವಿದೆ ಎಂದು ಬಂತು. ಮನೆಯವರೆಲ್ಲ ಕಂಗಾಲಾದಾಗ ಇಲ್ಲಿ ಡಾಕ್ಟರು ಬರೆದಿದ್ದನ್ನೇ ಓದಿ ಹೇಳಿದೆ.

ಕೊಲೊನೋಸ್ಕೋಪಿಗೆ ಕರೆದುಕೊಂಡು ಹೋಗುವವರು ಯಾರು? "ನಾನಿಲ್ಲವೇ?" ಎಂದರು ನನ್ನ ಅಪ್ಪ!

ತುಂಗಾತೀರದವಳು, ಏಪ್ರಿಲ್ 11

ಗೆಳೆಯರದು ಒಳಮೂಲವ್ಯಾಧಿ ಅಷ್ಟೇ. ಅಪ್ಪ ಹೊರಗೆ ಕಾದದ್ದು ಐವತ್ತು ನಿಮಿಷ. ಚಿಕ್ಕಪ್ಪನ ದಿನಗಳಲ್ಲಿ ಕಾದ ಹಾಗೆಯೇ ಮೆಟ್ಟಿಲ ಮೇಲೆ ಕುಳಿತಿದ್ದರಂತೆ. ಒಳಗಿನಿಂದ ಗೆಳೆಯರು ನಡೆದುಕೊಂಡೇ ಬಂದು "ಕಾಫಿ ಎಲ್ಲಿ ಸಿಗುತ್ತದೆ?" ಎಂದು ಕೇಳಿದ್ದನ್ನು ಅಪ್ಪ ಮನೆಗೆ ಬಂದು ಮೂರು ಸಲ ಹೇಳಿದರು. ನಾನು ತುಟಿ ಬಿಚ್ಚಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, ತಟ್ಟೆ ನೋಡುತ್ತಲೇ, "ನನಗೂ ಒಂದು ದಿನ ಬರೆಸಿ ಬಂದಿದ್ದೇನೆ, 21ಕ್ಕೆ" ಎಂದರು.

ಧಾರವಾಡದ ಡಾಕ್ಟರು, ಏಪ್ರಿಲ್ 11

ತಮ್ಮನ ಜೊತೆ ಹೋದಾಗ ಯಾರೂ ಕಾಫಿ ಕೇಳುತ್ತ ಹೊರಬಂದದ್ದನ್ನು ನಿಮ್ಮ ತಂದೆ ನೋಡಿರಲಿಲ್ಲ. ಆಸ್ಪತ್ರೆ ಎಂದರೆ ಅವರಿಗೆ ಆ ಹದಿಮೂರು ತಿಂಗಳೇ. ನಾವು ಯಾರೂ ಆ ಕಡೆಯಿಂದ ಯೋಚಿಸಲಿಲ್ಲ.

ತುಂಗಾತೀರದವಳು, ಏಪ್ರಿಲ್ 27

ಎರಡು ಪಾಲಿಪ್ ಸಿಕ್ಕವು. ಒಂದು ಸಣ್ಣದು, ಇನ್ನೊಂದು 12 ಮಿಲಿಮೀಟರ್. ಎರಡನ್ನೂ ಅಲ್ಲೇ ತೆಗೆದರು. ಬಯಾಪ್ಸಿ ನಿನ್ನೆ ಬಂತು: ಅಡಿನೋಮಾ, ಅಂದರೆ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯದು, ಈಗ ಕ್ಯಾನ್ಸರ್ ಇಲ್ಲ. ಮೂರು ವರ್ಷಕ್ಕೆ ಮತ್ತೆ ಬರಬೇಕು. ನಾನೂ ತಮ್ಮನೂ 40ಕ್ಕೆ ಶುರುಮಾಡಬೇಕು ಎಂದರು. ನನಗಿನ್ನೂ ಏಳು ವರ್ಷವಿದೆ.

ಅಪ್ಪ ಆ ದೊಡ್ಡದರ ಫೋಟೋವನ್ನು ವರದಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಅವನಿಗೂ ಇಷ್ಟೇ ಇದ್ದಾಗ ಕಿತ್ತಿದ್ದರೆ" ಎಂದು ಅಷ್ಟಕ್ಕೇ ನಿಲ್ಲಿಸಿದರು. ಕೊಟ್ಟಿಗೆಯ ಕಡೆಗೆ ಹೋದರು.

ಲೆಕ್ಕಾಚಾರ, ಏಪ್ರಿಲ್ 27

ಕೇಳಿ ಸಮಾಧಾನವಾಯಿತು. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ನಿಮ್ಮ ಮನೆಯಲ್ಲಿ ಕಾರಣವಿತ್ತು. ಫಿಟ್ ಮಟ್ಟಿಗೆ ವಿಚಾರಿಸಿದೆ, ನಮ್ಮ ಬೀದಿಯ ಲ್ಯಾಬಿನವನಿಗೆ ಹೆಸರೇ ಗೊತ್ತಿರಲಿಲ್ಲ. ಬೇರೆ ಕಡೆ ನೋಡುತ್ತಿದ್ದೇನೆ.

ನಿವೃತ್ತ ಮೇಷ್ಟರು, ಏಪ್ರಿಲ್ 28

ಹಾಜರಿ ಕರೆಯುವ ಹಳೆಯ ಚಟ ಬಿಟ್ಟಿಲ್ಲ. ಹೊಸ ಸದಸ್ಯರು ಇದ್ದಾರೆಯೇ?

ಹೊಸ ಸದಸ್ಯ, ಏಪ್ರಿಲ್ 30

ಇದ್ದೇನೆ. ಎಲ್ಲವನ್ನೂ ಓದುತ್ತಿದ್ದೆ, ಬರೆಯಲು ಆಗಲಿಲ್ಲ. ಕಳೆದ ವಾರ ಹೋದೆ. ಅಡಿಕೆ ತೋಟದವರು ಹೇಳಿಕೊಟ್ಟ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಬಾಯಲ್ಲಿ ಬರಲಿಲ್ಲ, ಚೀಟಿಯನ್ನೇ ಕೊಟ್ಟೆ. ಡಾಕ್ಟರು ಓದಿ, ಕೈಗವಸು ತೆಗೆದುಕೊಂಡರು. ಬೆರಳಿಗೆ ಏನೂ ಸಿಗಲಿಲ್ಲ, ಒಳಗೆ ನೋಡಲೇಬೇಕು ಎಂದಿದ್ದಾರೆ. ಶನಿವಾರ ಕೊಲೊನೋಸ್ಕೋಪಿ. ಹೆಂಡತಿಗೆ ನಿನ್ನೆ ಹೇಳಿದೆ.

ಒಂದು ಅನುಮಾನ. ಇವತ್ತು ಮನೆಗೆ ಕಲ್ಲಂಗಡಿ ತಂದಿದ್ದಾರೆ. ತಿನ್ನಬಹುದೇ?

ಎಂಡೋಸ್ಕೋಪಿ ಸಿಸ್ಟರ್, ಏಪ್ರಿಲ್ 30

ಬೇಡ. ಬೀಜವಿರುತ್ತದೆ. ಶನಿವಾರ ಸಂಜೆ ತಿನ್ನಿ, ಅಲ್ಲಿಯವರೆಗೆ ಫ್ರಿಜ್ಜಿನಲ್ಲಿಡಲು ಹೇಳಿ.